ಎಲ್ಲರೂ ಹೊಗಳೋ ಮೌಸ್ ನನ್ನ ಕೈಗೆ ಯಾಕೆ ಒಗ್ತಿಲ್ಲ? ಹಿಡಿತ ನೋಡಿ ಮೌಸ್ ಆರಿಸೋದು ಹೇಗೆ?

ತಡರಾತ್ರಿ_ಲಾಬಿ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಒಂದೇ ತೊಂದರೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ನಾನು ಹೆಚ್ಚಾಗಿ ಆಡೋದು ಕೌಂಟರ್-ಸ್ಟ್ರೈಕ್ 2, ಆಗಾಗ ವ್ಯಾಲೊರಂಟ್, ಎರಡೂ ಗುರಿಯಿಟ್ಟು ಗುಂಡು ಹಾರಿಸೋ ಆಟ. ಬಲಗೈಗೆ ಅಂತಲೇ ಓರೆಯಾಗಿ ರೂಪಿಸಿದ ಒಂದು ಮೌಸ್ ತಗೊಂಡೆ. ವಿಮರ್ಶೆಗಳಲ್ಲೆಲ್ಲ ಆರಾಮಕ್ಕೆ ಇದನ್ನು ಬಿಟ್ಟರಿಲ್ಲ ಅಂತ ಬರೆದಿದ್ರು. ಹೆಸರು ಹೇಳಲ್ಲ, ಮೌಸ್ ಕೆಟ್ಟದು ಅಂತ ನನಗೂ ಅನಿಸಿಲ್ಲ.

ಮೊದಲ ಅರ್ಧ ಗಂಟೆ ಚೆನ್ನಾಗಿರತ್ತೆ. ಆಮೇಲೆ ಉಂಗುರ ಬೆರಳಿನ ಬುಡದಲ್ಲಿ ಸೆಳೆತ ಶುರು. ಎರಡು ಪಂದ್ಯ ಮುಗಿಯೋ ಹೊತ್ತಿಗೆ ಮೌಸ್ ಬಿಟ್ಟು ಕೈ ಕೊಡವಿಕೊಳ್ಳಬೇಕು. ಗುರಿಯೂ ಮೊದಲಿನ ಹಾಗಿಲ್ಲ. ಅಡ್ಡಕ್ಕೆ ಸರಿಯಾಗಿ ಹೋಗತ್ತೆ, ಮೇಲಿಂದ ಕೆಳಗೆ ಎಳೆಯುವಾಗ ತಪ್ಪತ್ತೆ. ಸ್ಪ್ರೇ ಹಿಡಿದು ಇಳಿಸುವಾಗ, ಅಂದ್ರೆ ಒಂದೇ ಸಮ ಗುಂಡು ಹಾರಿಸ್ತಾ ಮೇಲೇರೋ ಗುರಿಯನ್ನ ಕೆಳಗೆ ಎಳೆಯುವಾಗ, ಇದು ಚೆನ್ನಾಗಿ ಗೊತ್ತಾಗತ್ತೆ.

ನನ್ನ ಕೈ ಉದ್ದ 18.2 ಸೆಂ.ಮೀ., ಅಗಲ 8.8 ಸೆಂ.ಮೀ. ನನ್ನದು ಪಾಮ್ ಗ್ರಿಪ್, ಅಂದ್ರೆ ಅಂಗೈ ಪೂರ್ತಿ ಮೌಸ್ ಮೇಲೆ ಮಲಗಿಸಿ ಹಿಡಿಯೋದು. ಯಾವ ಮೌಸ್ ತಗೊಳ್ಳಲಿ?

ಹಳೇ_ಪ್ಯಾಡ್

ಗುರು, ಹೊಸ ಮೌಸ್ ತಗೊಳ್ಳೋ ಮೊದಲು ಇದನ್ನೇ ಇನ್ನೊಂದು ತಿಂಗಳು ಬಳಸಿ ನೋಡಿ. ಕೈಗೆ ಅಭ್ಯಾಸ ಆಗಬೇಕು. ನಾವೆಲ್ಲ ಕಂಪ್ಯೂಟರ್ ಜೊತೆ ಬಂದ ಮೌಸ್‌ನಲ್ಲೇ ಆಡಿ ಬೆಳೆದವರು, ಆಗ ಯಾರೂ ಕೈ ಅಳೆಯುತ್ತಿರಲಿಲ್ಲ.

ಗೆಣ್ಣುಲೆಕ್ಕ

ಹೊಸ ಆಕಾರಕ್ಕೆ ಕೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು ಎನ್ನುವುದು ನಿಜ. ಆದರೆ ನಾಲ್ಕು ತಿಂಗಳಾದ ಮೇಲೂ ಅದೇ ಬೆರಳು ಅದೇ ಜಾಗದಲ್ಲಿ ಸೆಳೆಯುತ್ತಿದ್ದರೆ ಅಭ್ಯಾಸದ ಮಾತು ಬಿಡಬೇಕು. ಆ ಬೆರಳಿಗೆ ಆ ಮೌಸ್ ಮೇಲೆ ಕೂರಲು ಜಾಗ ಸಿಕ್ಕಿಲ್ಲ.

ತಡರಾತ್ರಿಯವರೇ, ಒಂದು ಪ್ರಶ್ನೆ. ನಿಮ್ಮದು ಪಾಮ್ ಗ್ರಿಪ್ ಎಂದು ಹೇಗೆ ಗೊತ್ತು? ಮೌಸ್ ಮೇಲೆ ಕೈ ಇಟ್ಟು ನೋಡಿದಿರೋ, ಆಡುವಾಗ ನೋಡಿದಿರೋ?

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಡೆಸ್ಕ್‌ಟಾಪ್‌ನಲ್ಲಿ ಸುಮ್ಮನೆ ಕೂತು ನೋಡಿದರೆ ಬಹುಮಟ್ಟಿಗೆ ಎಲ್ಲರ ಕೈಯೂ ಮೌಸ್ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ. ಎದುರಾಳಿ ಮೂಲೆಯಿಂದ ಹೊರಬಂದ ಆ ಕ್ಷಣದಲ್ಲಿ ಕೈ ಏನು ಮಾಡುತ್ತದೆ ಎನ್ನುವುದೇ ನಿಮ್ಮ ನಿಜವಾದ ಹಿಡಿತ. ಫೋನನ್ನು ಮೌಸ್‌ಪ್ಯಾಡ್ ಎತ್ತರಕ್ಕೆ, ಪಕ್ಕದಿಂದ ಕೈ ಕಾಣುವ ಹಾಗೆ ಒರಗಿಸಿಟ್ಟು ಒಂದು ಪೂರ್ತಿ ಪಂದ್ಯ ರೆಕಾರ್ಡ್ ಮಾಡಿ. ಆಮೇಲೆ ನಿಧಾನಗತಿಯಲ್ಲಿ ನೋಡಿ.

ನೋಡಬೇಕಾದದ್ದು ಮೂರು. ಅಂಗೈ ಪೂರ್ತಿ ತಗುಲಿದೆಯೋ, ಮಣಿಕಟ್ಟಿನ ಕಡೆಯ ದಿಂಡು ಮಾತ್ರ ತಗುಲಿದೆಯೋ, ಏನೂ ತಗುಲಿಲ್ಲವೋ. ಪೂರ್ತಿ ತಗುಲಿ, ಬೆರಳು ಬಟನ್ ಮೇಲೆ ಉದ್ದಕ್ಕೆ ಮಲಗಿದ್ದರೆ ಪಾಮ್. ಹಿಂಭಾಗ ಮಾತ್ರ ತಗುಲಿ, ಬೆರಳು ಕಮಾನಿನಂತೆ ಬಾಗಿ ತುದಿ ಕೆಳಗಿಳಿದಿದ್ದರೆ ಕ್ಲಾ. ಅಂಗೈ ಗಾಳಿಯಲ್ಲಿದ್ದು ಬೆರಳ ತುದಿಗಳಷ್ಟೇ ಮೌಸನ್ನು ಹಿಡಿದಿದ್ದರೆ ಫಿಂಗರ್‌ಟಿಪ್. ಎರಡರ ನಡುವೆ ನಿಂತ ಹಿಡಿತಗಳೂ ಬೇಕಾದಷ್ಟಿವೆ, ಅದರಲ್ಲಿ ತಪ್ಪೇನಿಲ್ಲ.

ಹಳೆಯ ಮೌಸ್ ಇಟ್ಟುಕೊಂಡಿದ್ದರೆ ಅದನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮ್ಯಾಟ್ ಮೇಲ್ಮೈಯಲ್ಲಿ ಬೆರಳು ಉಜ್ಜಿ ಉಜ್ಜಿ ನುಣುಪಾದ ಕಲೆಗಳಿರುತ್ತವೆ. ನನ್ನ ಹಳೆಯದರಲ್ಲಿ ಎಡ ಬಟನ್ ಮೇಲೆ ತುದಿಯಿಂದ ಒಂದೂವರೆ ಸೆಂ.ಮೀ. ಹಿಂದೆ, ಕಾಳಿನಷ್ಟಗಲದ ಒಂದು ಹೊಳಪು ಇದೆ. ಬಲ ಪಕ್ಕದಲ್ಲಿ ಉಂಗುರ ಬೆರಳಿನದು ಉದ್ದನೆಯ ಗೀಟು. ಬೆನ್ನಿನ ಮಧ್ಯಭಾಗ ಮಾತ್ರ ಹೊಸದರ ಹಾಗೇ ಒರಟು. ನಾನೂ ವರ್ಷಗಟ್ಟಲೆ ನನ್ನದು ಪಾಮ್ ಅಂದುಕೊಂಡಿದ್ದೆ. ಆ ಒರಟು ಜಾಗ ನೋಡಿದ ಮೇಲೆ ಗೊತ್ತಾಯಿತು, ಅಲ್ಲಿಗೆ ನನ್ನ ಅಂಗೈ ಯಾವತ್ತೂ ಮುಟ್ಟೇ ಇರಲಿಲ್ಲ.

ಬೆರಳತುದಿ

ಗೆಣ್ಣುಲೆಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಕೈ ಇನ್ನೂ ಚಿಕ್ಕದು, 16.8 ಸೆಂ.ಮೀ. ನನ್ನ ಅನುಭವ ಹೇಳ್ತೀನಿ.

ಮೌಸ್‌ನ ಉದ್ದ ಕೈಯ ಉದ್ದದ ಶೇ. 60ರಷ್ಟು ಇರಬೇಕು, ಹಿಡಿಯೋ ಜಾಗದ ಅಗಲ ಕೈಯ ಅಗಲದ ಶೇ. 60ರಷ್ಟು ಇರಬೇಕು ಅಂತ ಒಂದು ಲೆಕ್ಕ ಎಲ್ಲ ಕಡೆ ಓಡಾಡತ್ತೆ. ನನ್ನಂಥವರಿಗೆ ಅದು ಹತ್ತಿರ ಬರತ್ತೆ, ಯಾಕಂದ್ರೆ ನನ್ನದು ಫಿಂಗರ್‌ಟಿಪ್. ನನ್ನ ಲೆಕ್ಕಕ್ಕೆ ಸುಮಾರು 101 ಮಿ.ಮೀ. ಬರತ್ತೆ. ಅಷ್ಟು ಗಿಡ್ಡ ಗೇಮಿಂಗ್ ಮೌಸ್‌ಗಳು ಕಡಿಮೆ, ಅದಕ್ಕೇ 118 ಮಿ.ಮೀ. ಉದ್ದದ ರೇಜರ್ ವೈಪರ್ ಮಿನಿ ಬಳಸ್ತಿದ್ದೀನಿ. ತೂಕ 61 ಗ್ರಾಂ.

ಫಿಂಗರ್‌ಟಿಪ್‌ನವರಿಗೆ ಗಿಡ್ಡ ಮೌಸ್ ಯಾಕೆ ಬೇಕು ಅಂದ್ರೆ, ನಾವು ಮೇಲೆ ಕೆಳಗೆ ಗುರಿ ಸರಿಮಾಡೋದು ಬೆರಳು ಮಡಚಿ ಬಿಚ್ಚಿ. ಮೌಸ್‌ನ ಬಾಲ ಅಂಗೈ ಕಡೆಗೆ ಹಿಂದೆ ಸರಿಯೋಕೆ ಜಾಗ ಬೇಕು. ಉದ್ದದ ಮೌಸ್ ಆದ್ರೆ ಹಿಂದೆ ಎಳೆದ ತಕ್ಷಣ ಅಂಗೈಗೆ ಬಡಿದು ನಿಂತುಬಿಡತ್ತೆ. ತಡರಾತ್ರಿಯವರಿಗೆ ಸ್ಪ್ರೇ ಇಳಿಸುವಾಗ ಗುರಿ ತಪ್ಪೋದು ಇದೇ ಕಾರಣಕ್ಕೆ ಅಂತ ನನಗನಿಸತ್ತೆ. ಅಡ್ಡಕ್ಕೆ ಮಣಿಕಟ್ಟು ತಿರುಗಿದ್ರೆ ಸಾಕು, ಅದಕ್ಕೆ ಅಲ್ಲಿ ತೊಂದರೆ ಕಾಣಿಸ್ತಿಲ್ಲ.

ಗೆಣ್ಣುಲೆಕ್ಕ

ಶೇ. 60ರ ಲೆಕ್ಕದ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಅದು ಬಳಸುವವರ ನಡುವೆ ಹುಟ್ಟಿದ ಅಂದಾಜು, ಹುಡುಕಲು ಶುರು ಮಾಡುವ ಜಾಗ ತೋರಿಸುತ್ತದೆ, ಅಷ್ಟೇ. ಪಾಮ್ ಗ್ರಿಪ್‌ನವರಿಗೆ ಆ ಲೆಕ್ಕದಿಂದ ಬರುವ ಮೌಸ್ ಬಹುತೇಕ ಚಿಕ್ಕದಾಗುತ್ತದೆ. 19 ಸೆಂ.ಮೀ. ಕೈಗೆ ಲೆಕ್ಕ ಹೇಳುವುದು 114 ಮಿ.ಮೀ., ಆದರೆ ಅದೇ ಕೈಯವರು 125 ಮಿ.ಮೀ. ಉದ್ದದ ಮೌಸನ್ನು ಆರಾಮವಾಗಿ ಹಿಡಿಯುವುದು ಮಾಮೂಲು.

ನನ್ನ ಮಟ್ಟಿಗೆ ಉದ್ದವನ್ನು ಕೊನೆಗೆ ನೋಡಬೇಕು. ಮೊದಲು ನೋಡಬೇಕಾದದ್ದು ಬೆನ್ನಿನ ಉಬ್ಬು ಎಲ್ಲಿದೆ, ಎಷ್ಟು ಎತ್ತರವಿದೆ ಎನ್ನುವುದು. ಆಮೇಲೆ ಹೆಬ್ಬೆರಳು ಮತ್ತು ಉಂಗುರ ಬೆರಳು ಕೂರುವ ಜಾಗದ ಅಗಲ. ಉಬ್ಬು ಮಧ್ಯದಲ್ಲಿದ್ದು ನಿಧಾನವಾಗಿ ಹಿಂದಕ್ಕೆ ಇಳಿದಿದ್ದರೆ ಅಂಗೈಯ ಗುಳಿ ತುಂಬುತ್ತದೆ, ಪಾಮ್‌ಗೆ ಹಿತ. ಉಬ್ಬು ಹಿಂದೆ ಇದ್ದರೆ ಅಂಗೈಯ ದಿಂಡು ಅದಕ್ಕೆ ಆನಿಸಿಕೊಳ್ಳುತ್ತದೆ, ಮುಂದೆ ತಗ್ಗಾದ್ದರಿಂದ ಬೆರಳು ಬಾಗಲು ಜಾಗ ಸಿಗುತ್ತದೆ. ಕ್ಲಾ ಹಿಡಿತದವರಿಗೆ ಆ ಆನಿಕೆ ಬಹಳ ಮುಖ್ಯ. ಅದು ಸಿಗದಿದ್ದರೆ ಮೌಸನ್ನು ಸ್ಥಿರವಾಗಿಡುವ ಪೂರ್ತಿ ಕೆಲಸ ಹೆಬ್ಬೆರಳು ಮತ್ತು ಉಂಗುರ ಬೆರಳಿನ ಮೇಲೆ ಬೀಳುತ್ತದೆ. ಅವು ಅದುಮುತ್ತವೆ, ಅದುಮಿ ಅದುಮಿ ಸೋಲುತ್ತವೆ.

ಅಗಲದ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ನಂಬಿ ಮೋಸಹೋಗಬೇಡಿ. ಅಲ್ಲಿ ಕೊಡುವುದು ಸಾಮಾನ್ಯವಾಗಿ ಅತ್ಯಂತ ಅಗಲವಾದ ಜಾಗದ ಅಳತೆ. ನೀವು ಹಿಡಿಯುವುದು ನಡುವಿನ ಸೊಂಟವನ್ನು. ಎರಡಕ್ಕೂ 5-8 ಮಿ.ಮೀ. ವ್ಯತ್ಯಾಸ ಇರಬಹುದು. ಬೆರಳಿಗೆ 3 ಮಿ.ಮೀ. ಕೂಡ ಸ್ಪಷ್ಟವಾಗಿ ತಿಳಿಯುತ್ತದೆ.

ಪಕ್ಕದ ಗೋಡೆಗಳ ಓರೆಯನ್ನೂ ನೋಡಿ. ಕೆಳಗೆ ಹೋದಂತೆ ಒಳಕ್ಕೆ ಸರಿದ ಗೋಡೆ ಇದ್ದರೆ ಬೆರಳ ತುದಿ ಅದರಡಿ ಸಿಕ್ಕಿಕೊಂಡು ಮೌಸ್ ಸಲೀಸಾಗಿ ಮೇಲೇಳುತ್ತದೆ. ಹೊರಕ್ಕೆ ಚಾಚಿದ ಗೋಡೆ ಇದ್ದರೆ ಎತ್ತುವಾಗ ಬೆರಳು ಜಾರುತ್ತದೆ, ನೀವು ಇನ್ನಷ್ಟು ಹಿಂಡುತ್ತೀರಿ.

ಎಡಚಿ_ಆಟಗಾರ್ತಿ

ಚರ್ಚೆ ಚೆನ್ನಾಗಿದೆ, ನಮ್ಮ ಎಡಗೈನವರ ಕಡೆಯದ್ದೂ ಸೇರಿಸ್ತೀನಿ. "ಎರಡೂ ಕೈಗೆ ಆಗುತ್ತೆ" ಅಂತ ಹೇಳೋ ಮೌಸ್‌ಗಳಲ್ಲಿ ಬಹಳಷ್ಟು ಆಕಾರದಲ್ಲಿ ಮಾತ್ರ ಸಮ. ಪಕ್ಕದ ಬಟನ್ ಇರೋದು ಬಲಗೈನವರ ಹೆಬ್ಬೆರಳಿಗೆ. ಎಡಗೈಲಿ ಹಿಡಿದ್ರೆ ಆ ಬಟನ್ ನನ್ನ ಉಂಗುರ ಬೆರಳಿಗೆ ಒತ್ತತ್ತೆ, ಪಂದ್ಯದ ಮಧ್ಯೆ ತಾನಾಗೇ ಅಮುಕಿಹೋಗತ್ತೆ.

2018ರಲ್ಲಿ ಬಂದ ಲಾಜಿಟೆಕ್ ಜಿ ಪ್ರೊ ವೈರ್‌ಲೆಸ್‌ನಲ್ಲಿ ಪಕ್ಕದ ಬಟನ್‌ಗಳನ್ನ ಬಿಚ್ಚಿ ಯಾವ ಕಡೆಗೆ ಬೇಕೋ ಆ ಕಡೆಗೆ ಹಾಕಬಹುದು, ಇನ್ನೊಂದು ಕಡೆಗೆ ಮುಚ್ಚಳ ಕೂರಿಸಬಹುದು. 80 ಗ್ರಾಂ, 125 ಮಿ.ಮೀ. ಅದರ ನಂತರ ಬಂದ ಸೂಪರ್‌ಲೈಟ್ 63 ಗ್ರಾಂಗಿಂತ ಕಡಿಮೆಗೆ ಇಳೀತು, ಆದ್ರೆ ಬಲಗಡೆಯ ಬಟನ್ ಅನುಕೂಲ ಹೋಯ್ತು. 2019ರ ಮೊದಲ ವೈಪರ್‌ನಲ್ಲಿ ಎರಡೂ ಕಡೆ ಬಟನ್ ಇತ್ತು. ನಾನು ಇವತ್ತಿಗೂ ಹಳೇ ಜಿ ಪ್ರೊ ಜೋಪಾನವಾಗಿ ಇಟ್ಕೊಂಡಿದ್ದೀನಿ. ತೂಕ ಇಳಿಸೋ ಓಟದಲ್ಲಿ ಎಡಗೈನವರನ್ನ ಬಿಟ್ಟು ಹೋಗ್ತಿದ್ದಾರೆ, ಈ ನೋವು ನನಗಿದೆ.

ಹಳೇ_ಪ್ಯಾಡ್

ತೂಕದ ವಿಷಯ ಬಂತಲ್ಲ, ಅಲ್ಲೇ ಕೇಳ್ತೀನಿ. ಇಷ್ಟೊಂದು ಹಗುರ ನಿಜಕ್ಕೂ ಬೇಕಾ? ನನ್ನ ಲಾಜಿಟೆಕ್ ಜಿ502 ಹೀರೋ ಮೌಸ್ 121 ಗ್ರಾಂ ಇದೆ. ಅದರ ಜೊತೆ 3.6 ಗ್ರಾಂನ ಐದು ತುಂಡು ಬೇರೆ ಕೊಟ್ಟಿದ್ರು, ತೂಕ ಹೆಚ್ಚಿಸಿಕೊಳ್ಳೋಕೆ. ಐದೂ ಹಾಕಿಕೊಂಡೇ ಆಡ್ತೀನಿ. ಕೈಗೆ ಒಂದು ಭರವಸೆ ಇರತ್ತೆ.

ಗೆಣ್ಣುಲೆಕ್ಕ

ನಿಮ್ಮ ಸೆನ್ಸಿಟಿವಿಟಿ ಎಷ್ಟು ಅಣ್ಣ? ಅಂದರೆ, ಆಟದಲ್ಲಿ ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಎಷ್ಟು ಸೆಂ.ಮೀ. ಸರಿಸಬೇಕು?

ಹಳೇ_ಪ್ಯಾಡ್

ಅಳೆದೆ. 16 ಸೆಂ.ಮೀ.

ಗೆಣ್ಣುಲೆಕ್ಕ

ಹಾಗಾದರೆ ನಿಮಗೆ 121 ಗ್ರಾಂ ತೊಂದರೆ ಕೊಡದಿರುವುದು ಸಹಜ. ನೀವು ಮೌಸನ್ನು ಪ್ಯಾಡ್‌ನಿಂದ ಎತ್ತುವುದೇ ಅಪರೂಪ. ಮಣಿಕಟ್ಟು ತಿರುಗಿಸಿದರೆ ಕೆಲಸ ಆಯಿತು. ಕೌಂಟರ್-ಸ್ಟ್ರೈಕ್ ಥರದ ಆಟದಲ್ಲಿ ಒಂದು ಸುತ್ತಿಗೆ 40-50 ಸೆಂ.ಮೀ. ಇಟ್ಟುಕೊಂಡವರು ಬಹಳ ಮಂದಿ. ಅವರು ತೋಳಿನಿಂದ ಎಳೆಯುತ್ತಾರೆ, ಪ್ಯಾಡ್ ಅಂಚಿಗೆ ಬರುತ್ತಾರೆ, ಎತ್ತಿ ಮತ್ತೆ ಮಧ್ಯಕ್ಕೆ ಇಡುತ್ತಾರೆ. ಪಂದ್ಯದುದ್ದಕ್ಕೂ ಇದೇ. ಎತ್ತುವ ಪ್ರತಿ ಸಲ ಹೆಬ್ಬೆರಳು, ಉಂಗುರ ಬೆರಳು ಪಕ್ಕದಿಂದ ಹಿಂಡಬೇಕು. ತೂಕ ಹೆಚ್ಚಿದಷ್ಟೂ ಹಿಂಡುವ ಬಲ ಹೆಚ್ಚು.

ಹಾಗೆಂದು ಹಗುರವೇ ಗುರಿಯಾಗಬಾರದು. 50 ಗ್ರಾಂನ ಒಗ್ಗದ ಆಕಾರಕ್ಕಿಂತ 80 ಗ್ರಾಂನ ಒಗ್ಗುವ ಆಕಾರ ಮೇಲು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ತೂಕ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ಎಎ ಸೆಲ್ ಹಾಕುವ ಮೌಸ್‌ಗಳಲ್ಲಿ ಸೆಲ್ ಹಿಂದೆ ಇರುವುದೇ ಹೆಚ್ಚು. ಮಾಮೂಲಿ ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ, ಲಿಥಿಯಂ ಎಎ ಸೆಲ್ ಸುಮಾರು 15 ಗ್ರಾಂ. ಸೆಲ್ ಬದಲಿಸಿದರೇ ಬಾಲದಿಂದ 8 ಗ್ರಾಂ ಇಳಿಯುತ್ತದೆ, ಎತ್ತುವಾಗ ಹಿಂಭಾಗ ಜೋತು ಬೀಳುವುದು ಕಡಿಮೆಯಾಗುತ್ತದೆ.

ಮಣಿಕಟ್ಟು_ಜೋಪಾನ

ಒಂದು ಮಾತು. ನೋವು ಅಂದ ತಕ್ಷಣ ಮೌಸ್ ಬದಲಿಸುವುದು ಸಾಲದು. ನಾನು ಎರಡು ವರ್ಷ ಹಾಗೆ ಮಾಡಿ ಆಮೇಲೆ ವೈದ್ಯರ ಹತ್ತಿರ ಹೋದವನು.

ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಲ್ಲಿ ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನ ನಡುವೆ ಹಾದುಹೋಗುವ ಮೀಡಿಯನ್ ನರದ ಮೇಲೆ ಒತ್ತಡ ಬಿದ್ದಿರಬಹುದು. ಕಿರುಬೆರಳು ಮತ್ತು ಉಂಗುರ ಬೆರಳಿನ ಹೊರ ಅರ್ಧದಲ್ಲಿ ಜೋಮು ಬಂದರೆ ಅಲ್ನರ್ ನರ, ಅದು ಮೊಣಕೈ ಹಿಂದಿನಿಂದ ಬರುತ್ತದೆ. ಮೊಣಕೈಯನ್ನು ಗಟ್ಟಿ ಆಸರೆಯ ಮೇಲೆ ಊರಿ ಗಂಟೆಗಟ್ಟಲೆ ಕೂತರೂ ಹೀಗಾಗುತ್ತದೆ, ಮೌಸ್‌ಗೂ ಅದಕ್ಕೂ ಸಂಬಂಧವೇ ಇರಬೇಕೆಂದಿಲ್ಲ.

ತಡರಾತ್ರಿಯವರೇ, ನಿಮ್ಮದು ಸೆಳೆತವೋ ಜೋಮೋ? ಜೋಮು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕೈಯಿಂದ ವಸ್ತು ಜಾರುವುದು ಇವುಗಳಲ್ಲಿ ಯಾವುದಿದ್ದರೂ ಮೌಸ್ ಹುಡುಕಾಟ ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಿ. ಇಲ್ಲವಾದರೆ ಕುರ್ಚಿ ನೋಡಿ. ಮೇಜು ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು, ಮಣಿಕಟ್ಟು ಮೇಲಕ್ಕೆ ಬಾಗಬಾರದು, ಮೇಜಿನ ಚೂಪು ಅಂಚು ಮುಂಗೈಗೆ ಒತ್ತಬಾರದು.

ತಡರಾತ್ರಿ_ಲಾಬಿ

ಎಲ್ಲರಿಗೂ ತುಂಬಾ ಧನ್ಯವಾದ. ಜೋಮಿಲ್ಲ, ಸೆಳೆತ ಮಾತ್ರ, ಆಟ ನಿಲ್ಲಿಸಿದ ಹತ್ತು ನಿಮಿಷಕ್ಕೆ ಹೋಗತ್ತೆ. ಕುರ್ಚಿ ತಗ್ಗಾಗಿತ್ತು, ಏರಿಸಿದೆ.

ವಿಡಿಯೊ ನೋಡಿ ನಿಜವಾಗಲೂ ಬೆರಗಾದೆ. ಸುಮ್ಮನೆ ನಡೆದು ಹೋಗುವಾಗ ಕೈ ಪೂರ್ತಿ ಮಲಗಿದೆ. ಹೆಜ್ಜೆ ಸದ್ದು ಕೇಳಿದ ತಕ್ಷಣ ಗೆಣ್ಣುಗಳು ಮೇಲೇಳ್ತವೆ, ಅಂಗೈ ಬೆನ್ನಿಂದ ಬಿಟ್ಟು ಹಿಂದಕ್ಕೆ ಸರಿಯತ್ತೆ, ಬೆರಳೆಲ್ಲ ಬಾಗತ್ತೆ. ಗುಂಡು ಹಾರಿಸುವಾಗ ಪಕ್ಕಾ ಕ್ಲಾ. ಮುಗಿದ ಮೇಲೆ ಮತ್ತೆ ಮಲಗತ್ತೆ. ಇದು ನನಗೇ ಗೊತ್ತಿರಲಿಲ್ಲ.

ಇನ್ನೊಂದು ಕಂಡಿದ್ದು, ಉಂಗುರ ಬೆರಳು. ಮಲಗಿದಾಗ ಅದು ಮೌಸ್‌ನ ಬಲ ಇಳಿಜಾರಿನ ಮೇಲೆ ಆರಾಮಾಗಿದೆ. ಕ್ಲಾ ಮಾಡಿದ ತಕ್ಷಣ ಆ ಇಳಿಜಾರಿನಿಂದ ಜಾರಿ, ಮಡಚಿಕೊಂಡು, ಉಗುರಿನ ಪಕ್ಕದಿಂದ ಮೌಸನ್ನ ಒತ್ತತಾ ಇದೆ. ಉಗುರಿನ ಸುತ್ತ ಚರ್ಮ ಬಿಳಿಚಿಕೊಂಡಿರೋದು ವಿಡಿಯೊದಲ್ಲೇ ಕಾಣತ್ತೆ!

ಗೆಣ್ಣುಲೆಕ್ಕ

ನಿಮ್ಮ ಸೆಳೆತಕ್ಕೆ ಕಾರಣ ಅಲ್ಲಿದೆ. ಓರೆ ಆಕಾರದ ಮೌಸ್‌ಗಳು ಬಲಗಡೆ ಅಗಲವಾಗಿ ಇಳಿಯುವುದು ಮಲಗಿದ ಬೆರಳಿಗೆ ಹಾಸಿಗೆ ಹಾಸಿದ ಹಾಗೆ. ಬಾಗಿದ ಬೆರಳಿಗೆ ನೇರವಾದ ಗೋಡೆ ಬೇಕು.

ಬಟನ್ ಒತ್ತುವಾಗ ತೋರುಬೆರಳ ತುದಿ ಎಲ್ಲಿ ಬೀಳುತ್ತಿದೆ ಎಂದೂ ನೋಡಿ. ಬಟನ್ ಒಂದು ಸನ್ನೆಯ ಹಾಗೆ ಕೆಲಸ ಮಾಡುತ್ತದೆ, ಕೀಲು ಹಿಂದೆ ಇರುತ್ತದೆ. ತುದಿಯಲ್ಲಿ ಒತ್ತಿದರೆ ಹಗುರ, ಹಿಂದೆ ಹೋದಷ್ಟೂ ಗಟ್ಟಿ. ದೊಡ್ಡ ಮೌಸ್ ಮೇಲೆ ಚಿಕ್ಕ ಕೈ ಬೆರಳು ಬಾಗಿಸಿದರೆ ತುದಿ ಬಟನ್‌ನ ಮಧ್ಯಕ್ಕೋ ಇನ್ನೂ ಹಿಂದಕ್ಕೋ ಬೀಳುತ್ತದೆ. ಪ್ರತಿ ಕ್ಲಿಕ್‌ಗೂ ಹೆಚ್ಚು ಬಲ. ಸ್ವಿಚ್ ಗಟ್ಟಿ ಎಂದು ದೂರುವವರಲ್ಲಿ ಎಷ್ಟೋ ಮಂದಿಗೆ ಬೆರಳು ಬೀಳುವ ಜಾಗವೇ ತಪ್ಪಿರುತ್ತದೆ.

ನೀವು ಹುಡುಕಬೇಕಾದದ್ದು: ಎರಡೂ ಪಕ್ಕ ಸಮನಾದ ಆಕಾರ, ಉಬ್ಬು ಹಿಂದೆ, ಉದ್ದ 115ರಿಂದ 122 ಮಿ.ಮೀ., ಸೊಂಟದ ಅಗಲ 60 ಮಿ.ಮೀ. ಒಳಗೆ, ಎತ್ತರ 38ರ ಆಸುಪಾಸು. ನಿಮ್ಮ ಕೈಗೆ ಇದಕ್ಕಿಂತ ಎತ್ತರ ಬೇಡ.

ಓರೆ ಆಕಾರವೇ ಇಷ್ಟವಾದರೆ ಅದರಲ್ಲೇ ಚಿಕ್ಕದನ್ನು ನೋಡಬಹುದು. ಜೋವಿ ಕಂಪನಿಯ ಇಸಿ ಸರಣಿಯ ಮೌಸ್‌ಗಳ ಒಳ್ಳೆಯ ಗುಣ ಅದು. ಸ್ವೀಡನ್‌ನ ಕೌಂಟರ್-ಸ್ಟ್ರೈಕ್ ಆಟಗಾರ ಎಮಿಲ್ ಕ್ರಿಸ್ಟೆನ್ಸನ್, ಅಂದರೆ ಹೀಟಾನ್, ಅವರ ಹೆಸರಿನ ಮೊದಲಕ್ಷರಗಳೇ ಇಸಿ. ಒಂದೇ ಆಕಾರವನ್ನು ದೊಡ್ಡದು, ಮಧ್ಯಮ, ಚಿಕ್ಕದು ಎಂದು ಇಸಿ1, ಇಸಿ2, ಇಸಿ3 ಮಾಡಿದ್ದಾರೆ. ಚಪ್ಪಲಿಗೆ ಇರುವ ಹಾಗೆ ಮೌಸ್‌ಗೂ ಅಳತೆ ಇರಬೇಕು ಎಂದು ನಾನು ಎಷ್ಟೋ ದಿನದಿಂದ ಹೇಳುತ್ತಿದ್ದೇನೆ. ಎಲ್ಲ ಕಂಪನಿಗಳೂ ಹೀಗೆ ಮಾಡಲಿ ಎಂದು ಮನಸಾರೆ ಆಸೆ.

ಬೆರಳತುದಿ

ತಗೊಳ್ಳೋ ಮೊದಲು ಒಂದು ಕೆಲಸ ಮಾಡಿ. ದಪ್ಪ ರಟ್ಟಿನಲ್ಲಿ ಆ ಮೌಸ್‌ನ ಉದ್ದ ಅಗಲಕ್ಕೆ ತುಂಡು ಕತ್ತರಿಸಿ, ಮೇಲೆ ಮೇಲೆ ಅಂಟಿಸಿ ಎತ್ತರ ಬರಿಸಿ, ಉಬ್ಬಿನ ಜಾಗಕ್ಕೆ ಮಕ್ಕಳು ಆಡೋ ಜೇಡಿ ಮೆತ್ತಿ. ಕೈಲಿ ಹಿಡಿದು ಹತ್ತು ನಿಮಿಷ ಮೇಜಿನ ಮೇಲೆ ಆಡಿಸಿ. ನಾನು ಮೂರು ಆಕಾರ ಹೀಗೆ ಮಾಡಿ ನೋಡಿಯೇ ತಗೊಂಡಿದ್ದು. ಜೇಡಿ ಮೇಲೆ ಬೆರಳಿನ ಗುರುತು ಬೀಳತ್ತೆ, ಎಲ್ಲಿ ಹೆಚ್ಚು ಒತ್ತುತ್ತಿದ್ದೀರಿ ಅನ್ನೋದು ಕಣ್ಣಿಗೇ ಕಾಣತ್ತೆ.

ಎಡಚಿ_ಆಟಗಾರ್ತಿ

ಇದನ್ನ ನಾನೂ ಮಾಡ್ತೀನಿ, ಎಷ್ಟು ಒಳ್ಳೆ ಉಪಾಯ! ಕೈ ಬೆವರೋರಿಗೆ ಒಂದು ಮಾತು: ಪಕ್ಕಕ್ಕೆ ಗ್ರಿಪ್ ಟೇಪ್ ಅಂಟಿಸಿಕೊಂಡ್ರೆ ಹಿಂಡೋದು ಕಡಿಮೆಯಾಗತ್ತೆ. ಟೇಪ್ ದಪ್ಪ ಎರಡೂ ಕಡೆ ಸೇರಿ ಅಗಲಕ್ಕೆ ಕೂಡತ್ತೆ ಅನ್ನೋದು ನೆನಪಿರಲಿ.

ತಡರಾತ್ರಿ_ಲಾಬಿ

ಐದು ವಾರದ ನಂತರ ಬರೀತಿದ್ದೀನಿ.

ರಟ್ಟಿನದು ಎರಡು ಮಾಡಿದೆ. ಒಂದು 125 ಮಿ.ಮೀ., ಒಂದು 118. ದೊಡ್ಡದು ನೋಡೋಕೆ ಸರಿ ಅನಿಸಿತ್ತು. ಎತ್ತಿ ಇಡೋ ಅಭ್ಯಾಸ ಮಾಡಿದಾಗ ಜೇಡಿಯಲ್ಲಿ ಉಂಗುರ ಬೆರಳಿನ ಗುಳಿ ಆಳವಾಗಿ ಬಿತ್ತು. ಚಿಕ್ಕದರಲ್ಲಿ ನಾಲ್ಕೂ ಗುರುತು ಹೆಚ್ಚುಕಡಿಮೆ ಒಂದೇ ಸಮ. ಅದಕ್ಕೆ ಹತ್ತಿರದ, 60 ಗ್ರಾಂ ಒಳಗಿನ ಸಮ ಆಕಾರದ ಮೌಸ್ ತಗೊಂಡೆ.

ಮೊದಲ ವಾರ ಗುರಿ ಪೂರ್ತಿ ಹಾಳಾಯ್ತು. ಡಿಪಿಐ (ಮೌಸ್‌ನ ವೇಗದ ಸೆಟ್ಟಿಂಗ್) ಅದೇ, ಸೆನ್ಸಿಟಿವಿಟಿ ಅದೇ, ಆದ್ರೂ ಪ್ರತಿ ಸಲ ಗುರಿಗಿಂತ ಮುಂದೆ ಹೋಗಿ ನಿಲ್ಲೋದು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಎರಡನೇ ವಾರದ ಕೊನೆಗೆ ಸರಿಹೋಯ್ತು. ಸ್ಪ್ರೇ ಈಗ ಇಳಿಯತ್ತೆ. ಸೆಳೆತ ಮೂರು ವಾರದಿಂದ ಬಂದಿಲ್ಲ. ನಿನ್ನೆ ನಾಲ್ಕು ಪಂದ್ಯ ಒಂದೇ ಸಮ ಆಡಿದೆ, ಕೈ ಕೊಡವಬೇಕು ಅಂತಲೇ ಅನಿಸಲಿಲ್ಲ.

ಹಳೇ ಮೌಸ್ ನಮ್ಮ ಅಣ್ಣನಿಗೆ ಕೊಟ್ಟೆ. ಅವನ ಕೈ 20.4 ಸೆಂ.ಮೀ., ಅವನದೂ ವಿಡಿಯೊ ಮಾಡಿ ನೋಡಿದೆ. ಎಂಥಾ ಗಡಿಬಿಡಿಯಲ್ಲೂ ಅಂಗೈ ಬೆನ್ನು ಬಿಟ್ಟು ಏಳಲ್ಲ. ಅವನಿಗೆ ಅದು ತುಂಬಾ ಇಷ್ಟವಾಗಿದೆ.

ಗೆಣ್ಣುಲೆಕ್ಕ

ಓದಿ ಬಹಳ ಸಂತೋಷವಾಯಿತು.

ಗುರಿ ದಾಟಿ ಹೋಗುತ್ತಿದ್ದದ್ದಕ್ಕೆ ಸೆನ್ಸರ್, ಅಂದರೆ ಮೌಸ್ ಅಡಿಯಲ್ಲಿ ಚಲನೆ ಗುರುತಿಸುವ ಭಾಗ, ಇರುವ ಜಾಗ ಕಾರಣವಾಗಿರಬಹುದು. ಮಣಿಕಟ್ಟನ್ನು ಕೀಲಾಗಿಟ್ಟು ತಿರುಗಿಸುವಾಗ ಸೆನ್ಸರ್ ಆ ಕೀಲಿನಿಂದ ದೂರವಿದ್ದಷ್ಟೂ ಅದೇ ತಿರುವಿಗೆ ಹೆಚ್ಚು ದೂರ ಚಲಿಸುತ್ತದೆ. ಹಿಡಿತ ಬದಲಾದಾಗಲೂ, ಮೌಸ್ ಬದಲಾದಾಗಲೂ ಈ ದೂರ ಬದಲಾಗುತ್ತದೆ. ಎರಡೂ ಮೌಸ್ ತಿರುಗಿಸಿ, ಹಿಡಿದಿರುವ ಹಾಗೇ ತೋರುಬೆರಳ ತುದಿಯಿಂದ ಸೆನ್ಸರ್ ತೂತಿನವರೆಗೆ ಸ್ಕೇಲ್ ಇಟ್ಟು ನೋಡಿ.

ತಡರಾತ್ರಿ_ಲಾಬಿ

ಅಳೆದೆ. ಹಳೇದರಲ್ಲಿ ಬೆರಳ ತುದಿಯಿಂದ 41 ಮಿ.ಮೀ. ಹಿಂದೆ, ಹೊಸದರಲ್ಲಿ 30. ಅಂದ್ರೆ ಹೊಸದರ ಸೆನ್ಸರ್ ಮಣಿಕಟ್ಟಿನಿಂದ 11 ಮಿ.ಮೀ. ದೂರ ಹೋಗಿದೆ. ಅದಕ್ಕೇ ದಾಟಿ ಹೋಗ್ತಿತ್ತು!

ಹಳೇ_ಪ್ಯಾಡ್

ನಾನೂ ಫೋನ್ ಒರಗಿಸಿಟ್ಟು ರೆಕಾರ್ಡ್ ಮಾಡಿದೆ. ನನ್ನದು ಪೂರ್ತಿ ಪಾಮ್, ಮೊದಲಿಂದ ಕೊನೆಯವರೆಗೆ. ಜಿ502 ಇಟ್ಕೊಳ್ತೀನಿ. ತೂಕದ ತುಂಡುಗಳಲ್ಲಿ ಮೂರು ತೆಗೆದಿದ್ದೀನಿ.